ಸಾಕ್ಷಿಯ ಅಡಿಕೆ

ನಮ್ಮ ಕಾಲೇಜಿನ ಲೇಡೀಜ್ ರೂಮಿನ ಬಾಗಿಲಲ್ಲಿ ಒಂದು ಸ್ಟೂಲ್ ಇತ್ತು. ಅದರ ಮೂರು ಕಾಲು ನೆಟ್ಟಗಿದ್ದವು. ನಾಲ್ಕನೆಯದರ ಕೆಳಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮಡಿಸಿ ಇಟ್ಟಿದ್ದರು. ಅದರ ಮೇಲೆ ಇಪ್ಪತ್ತೆರಡು ವರ್ಷ ಕೂತವಳು ಪಾರವ್ವ. ಪುಣೆಯ ಜನ ಅವಳನ್ನು ಪಾರೂಬಾಯಿ ಎನ್ನುತ್ತಿದ್ದರು. ಅವಳ ಬಗ್ಗೆ ಬರೆಯಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟೇ: ಅವಳು ಒಮ್ಮೆ ನನ್ನನ್ನು ಸಾಕ್ಷಿಯಾಗಿ ಆರಿಸಿಕೊಂಡಿದ್ದಳು.

ನಾನು ಆ ಕಾಲೇಜು ಸೇರಿದ್ದು ೧೯೨೮ರಲ್ಲಿ, ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಿಂದ. ನಮ್ಮ ಮನೆಯಲ್ಲಿ ನನಗಿಂತ ಮೊದಲು ನಾಲ್ಕನೆಯ ಇಯತ್ತೆ ದಾಟಿದವರಿರಲಿಲ್ಲ. ಆಗ ಕಾಲೇಜಿನಲ್ಲಿ ಆರುನೂರು ಹುಡುಗರು, ನಲವತ್ತೆರಡು ಹುಡುಗಿಯರು. ಹುಡುಗಿಯರು ತಾಸು ಮುಗಿದ ಕೂಡಲೇ ಲೇಡೀಜ್ ರೂಮಿಗೆ ಹೋಗಬೇಕು. ಮತ್ತೆ ಗಂಟೆಯಾದಾಗ ಪ್ರಾಧ್ಯಾಪಕರ ಹಿಂದೆಯೇ ತರಗತಿಗೆ ಬರಬೇಕು. ಅವರ ಜೊತೆಗೆ ಒಬ್ಬ ಪ್ರೌಢ ಹೆಂಗಸು ಇರತಕ್ಕದ್ದು ಎಂದು ನಿಯಮವಿತ್ತು. ಆ ಪ್ರೌಢ ಹೆಂಗಸು ಪಾರವ್ವ. ನಿಯಮದಲ್ಲಿ ಬರೆಯದಿದ್ದ ಕೆಲಸಗಳೂ ಅವಳವೇ: ಕೋಣೆ ಗುಡಿಸುವುದು, ನೀರು ತುಂಬುವುದು, ತಲೆನೋವೆಂದವರಿಗೆ ಅಮೃತಾಂಜನ ಹಚ್ಚುವುದು.

ಶನಿವಾರ ಸಂಜೆ ಆರಕ್ಕೆ ಕಾಲೇಜಿನ ದೊಡ್ಡ ಹಾಲಿನಲ್ಲಿ ಸಾರ್ವಜನಿಕ ವ್ಯಾಖ್ಯಾನ, ಅಂದರೆ ಉಪನ್ಯಾಸ, ಇರುತ್ತಿತ್ತು. ಪೇಟೆಯ ಜನ ಲಕಡೀ ಪೂಲಿನ ಸೇತುವೆ ದಾಟಿ ನಡೆದು ಬರುತ್ತಿದ್ದರು. ಪಿಂಚಣಿದಾರರು ಮೊದಲ ಸಾಲು ಹಿಡಿದು, ವ್ಯಾಖ್ಯಾನ ಶುರುವಾದ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿದ್ದರು. ಹುಡುಗಿಯರು ಎಡಗಡೆಯ ಬಾಕುಗಳ, ಅಂದರೆ ಬೆಂಚುಗಳ, ಮೇಲೆ, ಅವರ ತುದಿಗೆ ತನ್ನ ಸ್ಟೂಲಿನ ಮೇಲೆ ಪಾರವ್ವ. ಹೀಗಾಗಿ ಪುಣೆಗೆ ಬಂದ ಎಷ್ಟೋ ಪಂಡಿತರ ಮಾತನ್ನು ಅವಳು ಕೇಳಿದ್ದಳು. ಓದು ಬರಹ ಬಾರದವಳಾದರೂ ಮರಾಠಿ ಪೂರ್ತಿ ತಿಳಿಯುತ್ತಿತ್ತು.

ಮೊದಲ ವರ್ಷ ನಾನು ಸ್ವಯಂಸೇವಕನಾಗಿ ಜಮಖಾನೆ ಹಾಸುವ ಕೆಲಸಕ್ಕೆ ಸೇರಿದ್ದೆ. ಒಂದು ಬಾಕು ಎತ್ತಲಾರದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಕನ್ನಡದಲ್ಲಿ, "ಯವ್ವಾ, ಎಷ್ಟ ಒಜ್ಜಿ ಐತಿದು!" ಎಂದೆ.

ಹಿಂದಿನಿಂದ ಮಾತು ಬಂತು: "ಒಂದ ಕಡೆ ನಾ ಹಿಡೀಲೇನೋ ತಮ್ಮಾ?"

ತಿರುಗಿ ನೋಡಿದರೆ ಪಾರವ್ವ. ಆಕೆ ಚಿಕ್ಕೋಡಿ ಕಡೆಯವಳು. ಗಂಡ ದೌಂಡದ ರೈಲ್ವೆ ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಕೆಲಸದಲ್ಲಿದ್ದ. ಎರಡು ಡಬ್ಬಿಗಳ ನಡುವೆ ಸಿಕ್ಕು ತೀರಿಕೊಂಡಾಗ ಮಗಳು ಕಲ್ಲವ್ವನಿಗೆ ಎರಡು ವರ್ಷ. ಅಲ್ಲಿಂದ ಪಾರವ್ವ ಮಗಳನ್ನು ಎತ್ತಿಕೊಂಡು ಪುಣೆಗೆ ಬಂದಳು. ಕಾಲೇಜಿನ ಹಿಂದೆ, ಗುಡ್ಡದ ಬುಡಕ್ಕೆ, ನೌಕರರ ಚಾಳಿನಲ್ಲಿ ಒಂದು ಕೋಣೆ ಕೊಟ್ಟಿದ್ದರು. ಅವತ್ತಿನಿಂದ ನಾನು ಅವಳನ್ನು ಚಿಗವ್ವ ಎಂದೆ. ಭಾನುವಾರಕ್ಕೊಮ್ಮೆ ಅವಳ ಕೋಣೆಯಲ್ಲಿ ಜೋಳದ ರೊಟ್ಟಿ, ಝುಣಕ ಸಿಗುತ್ತಿತ್ತು.

ಊಟ ಮಾಡುವಾಗ ಅವಳು ಹಿಂದಿನ ಸಂಜೆಯ ವ್ಯಾಖ್ಯಾನದ ತೀರ್ಪು ಕೊಡುತ್ತಿದ್ದಳು.

"ನಿನ್ನಿ ಬಂದಾಂವ ಏಳ ಸಲ ನೀರ ಕುಡದ. ಮಾತ ಎರಡ."

"ವಿಷಯ ಚಲೋ ಇತ್ತಲ್ಲ ಚಿಗವ್ವಾ, ವೇದಾಂತ."

"ಇರವಲ್ದ್ಯಾಕ. ಎಲ್ಲಾ ಮಾಯಾ ಅಂತ ಹೇಳಿ, ಕಡೀಕೆ ತನ್ನ ಛತ್ರಿ ಯಾರೋ ಒಯ್ದ್ರು ಅಂತ ಎಷ್ಟ ಗದ್ದಲಾ ಮಾಡಿದ!"

ಕಲ್ಲವ್ವ ನಗುತ್ತಿದ್ದಳು. ಅವಳು ಪೇಟೆಯ ಕನ್ಯಾಶಾಲೆಯಲ್ಲಿ ಮೆಟ್ರಿಕ್ ಓದುತ್ತಿದ್ದಳು. ಶನಿವಾರ ತಾಯಿಯ ಹಿಂದೆ ನೆಲದ ಮೇಲೆ ಕೂತು ವ್ಯಾಖ್ಯಾನ ಕೇಳಿ, ಕಾಲೇಜು ಎಸೆದ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಅದನ್ನು ಬರೆದಿಡುತ್ತಿದ್ದಳು. ಹಾಗೆ ಬರೆದ ಕಾಗದದ ಕಟ್ಟು ಮೂರಿದ್ದವು. ಅವಳಿಗೆ ಬಿ.ಎ. ಮಾಡಬೇಕೆಂಬ ಆಸೆ. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನ್ನ ಪುಸ್ತಕಗಳನ್ನು ಕೇಳಿ ಒಯ್ದು, ಹೇಳಿದ ದಿನಕ್ಕೆ ಸರಿಯಾಗಿ ತಿರುಗಿ ಕೊಡುತ್ತಿದ್ದಳು.

೧೯೩೧ರ ದೀಪಾವಳಿಗೆ ದೌಂಡದಿಂದ ಭೀಮವ್ವ ಎಂಬವಳು ಬಂದಳು. ಅವಳ ಮಗ ಈರಬಸಪ್ಪ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. ಕಲ್ಲವ್ವನನ್ನು ಕೇಳಿದಳು. ಮೆಟ್ರಿಕ್ ಪರೀಕ್ಷೆ ಮುಗಿದ ಮೇಲೆ ವೈಶಾಖದಲ್ಲಿ ಮದುವೆ ಎಂದು ಮಾತಾಯಿತು. ಹುಡುಗ ಒಳ್ಳೆಯವನು, ಕುಡಿತವಿಲ್ಲ. ಪಾರವ್ವ ಒಪ್ಪಿದಳು. ಬೇರೆ ದಾರಿ ಅವಳಿಗೆ ಕಂಡಿರಲಿಲ್ಲ.

ನಮ್ಮ ಕಡೆ ಮಾತು ಕೊಡುವುದೆಂದರೆ ಐದು ಎಲೆ, ಎರಡು ಇಡೀ ಅಡಿಕೆ. ಕೊಡುವವರು ನಾಲ್ಕು ಜನರೆದುರು ತಟ್ಟೆಯಿಂದ ಎತ್ತಿ ಕೊಡುತ್ತಾರೆ, ತೆಗೆದುಕೊಳ್ಳುವವರು ಸೆರಗಿನಲ್ಲಿ ಹಿಡಿಯುತ್ತಾರೆ. ಎರಡು ಅಡಿಕೆಯಲ್ಲಿ ಒಂದು ಸಾಕ್ಷಿಯವನಿಗೆ. ಮಾತು ನಡೆಯುವ ತನಕ ಅವನು ಅದಕ್ಕೆ ಅಡಕೊತ್ತು ತಾಗಿಸುವಂತಿಲ್ಲ. ಮಾತು ಬಿಡಬೇಕಾದರೆ ಐದೂ ಎಲೆ, ಎರಡೂ ಅಡಿಕೆ ಕೂಡಿಸಿ ಕೊಟ್ಟವರ ಮುಂದೆ ಇಡಬೇಕು. ಒಂದು ಕಡಿಮೆಯಾದರೂ ಯಾರಿಗೂ ಬಿಡುಗಡೆ ಇಲ್ಲ. ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೆದರುವ ಜನರೂ ಇದಕ್ಕೆ ತಪ್ಪುವುದಿಲ್ಲ.

ಭೀಮವ್ವನ ಮಾತಿಗೆ ಪಾರವ್ವ ನನ್ನನ್ನೇ ಸಾಕ್ಷಿ ಮಾಡಿದಳು. "ಸಿದ್ದಲಿಂಗಪ್ಪ ಕಲ್ತಾಂವ, ನಮ್ಮ ಕಡೆಯಾಂವ," ಎಂದಳು. ನನಗೆ ಹೆಮ್ಮೆಯಾಯಿತು. ಆ ಅಡಿಕೆಯನ್ನು ಕಾಗದದಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿ, ಅಪ್ಪನ ಪತ್ರಗಳ ಜೊತೆ ಇಟ್ಟೆ.

ಆ ವರ್ಷ ನಾನು ಬಿ.ಎ. ಕೊನೆಯ ತರಗತಿಯಲ್ಲಿದ್ದೆ, ವ್ಯಾಖ್ಯಾನ ಮಂಡಳಿಯ ಕಾರ್ಯದರ್ಶಿಯೂ ಆಗಿದ್ದೆ. ವ್ಯಾಖ್ಯಾನ ಮುಗಿದ ಮೇಲೆ ಅದರ ವರದಿಯನ್ನು ಕೆಂಪು ಬಟ್ಟೆಯ ರಟ್ಟಿನ ವಹಿಯಲ್ಲಿ ಬರೆದು ಸಹಿ ಮಾಡುವುದು ನನ್ನ ಕೆಲಸ. ಎಲೆ ಅಡಿಕೆಯ ಏರ್ಪಾಡು ಪಾರವ್ವನದು. ಶನಿವಾರ ಮಧ್ಯಾಹ್ನ ಅವಳು ಒದ್ದೆ ಬಟ್ಟೆ ಹಾಸಿಕೊಂಡು ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿ, ಚೂರಡಿಕೆ ಹಾಕಿ ಮಡಿಸಿ, ಲವಂಗ ಚುಚ್ಚಿ ಬೆಳ್ಳಿಯ ತಬಕಿನಲ್ಲಿ ಜೋಡಿಸುತ್ತಿದ್ದಳು. ಅದರ ಜೊತೆ ಯಾರೂ ಹೇಳದ ಇನ್ನೊಂದು ಕೆಲಸ ಮಾಡುತ್ತಿದ್ದಳು. ವೇದಿಕೆಯ ಮೇಲಿದ್ದ ಸಂಸ್ಥಾಪಕರ ಚಿತ್ರದ ಮುಂದೆ ಒಂದು ಹಿತ್ತಾಳೆ ತಟ್ಟೆಯಲ್ಲಿ ಐದು ಬರಿ ಎಲೆ, ಎರಡು ಇಡೀ ಅಡಿಕೆ.

"ಇದ್ಯಾಕ ಚಿಗವ್ವಾ?"

"ಇಷ್ಟ ಮಂದಿ ಬಂದು ಮಾತಾಡ್ತಾರ. ಮಾತಿನ ಮುಂದ ಎಲಿ ಅಡಕಿ ಇರಬೇಕಪಾ."

ಫೆಬ್ರುವರಿಯಲ್ಲಿ ಕಾಲೇಜಿಗೆ ಇಪ್ಪತ್ತೈದು ವರ್ಷ ತುಂಬಿತು. ಆ ಸಂಜೆ ಪ್ರಿನ್ಸಿಪಾಲ ಮಾರ್ತಾಂಡರಾಯರದೇ ವ್ಯಾಖ್ಯಾನ, ವಿಷಯ ಹೆಣ್ಣುಮಕ್ಕಳ ಉಚ್ಚ ಶಿಕ್ಷಣ. ಹಾಲು ತುಂಬಿ, ಕಿಟಕಿಯ ಹೊರಗೂ ಜನ ನಿಂತಿದ್ದರು. ರಾಯರು ಎತ್ತರದ ಆಳು, ದನಿ ಘಂಟೆಯ ಹಾಗೆ. ಅರ್ಧ ತಾಸು ಮಾತಾಡಿದ ಮೇಲೆ ಅವರ ಕಣ್ಣು ಎಡಗಡೆಯ ಬಾಕುಗಳ ತುದಿಗೆ ಹೋಯಿತು.

"ನಾನು ದೂರದ ಮಾತು ಆಡುತ್ತಿಲ್ಲ," ಎಂದರು ಮರಾಠಿಯಲ್ಲಿ. "ಅಲ್ಲಿ ನೋಡಿ, ನಮ್ಮ ಪಾರೂಬಾಯಿ. ಇವಳ ಮಗಳು ಈ ವರ್ಷ ಮೆಟ್ರಿಕ್ಕಿಗೆ ಕೂತಿದ್ದಾಳೆ. ಅವಳು ಪಾಸಾದರೆ ಜೂನ್ ತಿಂಗಳಲ್ಲಿ ಪೂರ್ತಿ ನಾದಾರಿಯ ಮೇಲೆ, ಒಂದು ಪೈ ಫೀ ಇಲ್ಲದೆ, ಈ ಕಾಲೇಜಿನಲ್ಲಿ ಅವಳಿಗೆ ಜಾಗವಿದೆ. ಈ ವೇದಿಕೆಯಿಂದ ನಾನು ಹೇಳುತ್ತಿದ್ದೇನೆ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮೊದಲ ಸಾಲಿನ ಪಿಂಚಣಿದಾರರೂ ಎಚ್ಚರವಾದರು. ಪಾರವ್ವ ಸ್ಟೂಲಿನಿಂದ ಎದ್ದು ನಿಂತಿದ್ದಳು, ಕೈ ಎಲ್ಲಿಡಬೇಕೆಂದು ತಿಳಿಯದೆ. ಕಲ್ಲವ್ವನ ಕೈಯಲ್ಲಿ ಪೆನ್ಸಿಲ್ ಇತ್ತು; ಅವಳು ಬರೆಯುವುದನ್ನು ಮರೆತಿದ್ದಳು.

ಹಾರ, ಅತ್ತರು, ಗುಲಾಬಿನೀರು ಮುಗಿದವು. ಪಾರವ್ವ ಎಲೆ ಅಡಿಕೆ ಹಂಚುತ್ತ ವೇದಿಕೆಗೆ ಬರುವಷ್ಟರಲ್ಲಿ ತಬಕು ಖಾಲಿ. ಅವತ್ತಿನ ಜನಕ್ಕೆ ಮಡಿಸಿದ್ದು ಸಾಲಲಿಲ್ಲ. ಮಾರ್ತಾಂಡರಾಯರು ನಕ್ಕು, "ಎಲ್ಲರಿಗೂ ಕೊಟ್ಟು ಬಂದವಳಿಗೆ ಏನೂ ಉಳಿಯಲಿಲ್ಲವೇ? ಈ ದಿನ ನಿನಗೆ ನಾನು ಕೊಡಬೇಕು," ಎಂದು ಪಕ್ಕದ ಚಿತ್ರದ ಮುಂದಿದ್ದ ತಟ್ಟೆಯಿಂದ ಆ ಐದು ಎಲೆ, ಎರಡು ಅಡಿಕೆ ಎತ್ತಿ ಅವಳ ಮುಂದೆ ಹಿಡಿದರು.

ಪಾರವ್ವ ಸೆರಗು ಒಡ್ಡಿದಳು.

ಆ ಹಾಲಿನಲ್ಲಿ ಅದೇನೆಂದು ತಿಳಿದವರು ಮೂವರು: ಅವಳು, ಕಲ್ಲವ್ವ, ನಾನು. ಕೊಟ್ಟವರಿಗೆ ಅದು ಬರಿ ಪಾನ್ ಸುಪಾರಿ.

ಜನ ಕರಗಿದ ಮೇಲೆ ಅವಳು ನನ್ನ ಕೈಯಲ್ಲಿ ಒಂದು ಅಡಿಕೆ ಇಟ್ಟಳು. "ಇದೂ ನಿನ್ನ ಕಡೆ ಇರಲಿ."

"ಚಿಗವ್ವಾ, ಅವರು ನಮ್ಮ ಕಡೆಯವರಲ್ಲ. ಅವರಿಗೆ ಈ ಪದ್ಧತಿ ಗೊತ್ತಿಲ್ಲ."

"ಬಾಯಿಲೆ ಹೇಳಲಿಲ್ಲೇನು? ಆರನೂರ ಮಂದಿ ಕೇಳಲಿಲ್ಲೇನು? ಮ್ಯಾಲ ಎಲಿ ಅಡಕಿ ಅವರ ಕೈಯಾರೆ ಕೊಟ್ಟಾರ. ಇನ್ನ ಏನ ಕಡಿಮಿ ಆತು?"

ಕಡಿಮೆಯಾದದ್ದು ಏನೂ ನನಗೂ ಕಾಣಲಿಲ್ಲ. ಅಡಿಕೆಯನ್ನು ಕೋಟಿನ ಕಿಸೆಗೆ ಹಾಕಿಕೊಂಡೆ.

ಮರುವಾರ ಭಾನುವಾರ ನಾವಿಬ್ಬರೂ ಪ್ಯಾಸೆಂಜರ್ ಗಾಡಿಯಲ್ಲಿ ದೌಂಡಕ್ಕೆ ಹೋದೆವು. ಭೀಮವ್ವ ರೈಲ್ವೆ ಚಾಳಿನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಪಾರವ್ವ ಅವಳ ಮುಂದೆ ದೀಪಾವಳಿಯ ಐದು ಎಲೆ, ತನ್ನ ಒಂದು ಅಡಿಕೆ ಇಟ್ಟಳು. ನಾನು ಟ್ರಂಕಿನಿಂದ ತಂದದ್ದನ್ನು ಇಟ್ಟೆ. ಭೀಮವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಏನ ತಪ್ಪಾತು ನನ್ನ ಮಗನ್ದು?"

"ತಪ್ಪೇನಿಲ್ಲ ಯಕ್ಕಾ. ಹುಡುಗಿಗಿ ಕಾಲೇಜಿನ್ಯಾಗ ಜಾಗಾ ಕೊಟ್ಟಾರ. ನಾಕ ವರ್ಷ ಓದಾಕಿ."

"ಕಾಲೇಜಿನ ಕಸಾ ಹೊಡ್ಯಾಕಿ ನೀ, ಮಗಳನ್ನ ಕುರ್ಚಿ ಮ್ಯಾಲ ಕುಂಡ್ರಸಾಕಿ! ನಾಕ ವರ್ಷದ ಮ್ಯಾಲ ಆಕಿಗಿ ಗಂಡನ್ನ ಎಲ್ಲಿ ಹುಡುಕತಿ? ಕಮಿಷನರ್ ಬರ್ತಾನೇನು ಕುದರಿ ಗಾಡಿ ಹತ್ತಿ?"

"ಬರದಿದ್ರ ಬ್ಯಾಡ."

"ಬ್ಯಾಡಂತ! ಕೇಳ್ರಿ ಈಕಿ ಮಾತು." ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಭೀಮವ್ವ ಅವರ ಕಡೆ ನೋಡಿ ಇನ್ನೂ ನಾಲ್ಕು ಮಾತು ಆಡಿದಳು; ನನ್ನನ್ನೂ ಬಿಡಲಿಲ್ಲ. "ಈ ಮಾಸ್ತರ ಪಾಸಾದರ ಊರಾಗಿನ ಮದವಿ ಎಲ್ಲಾ ಮುರೀತಾನ," ಎಂದಳು. ಪಾರವ್ವ ತಲೆ ತಗ್ಗಿಸಿ ಕೂತಿದ್ದಳು. ಬೈಗುಳ ತೀರಿದ ಮೇಲೆ ಭೀಮವ್ವ ಒಣಗಿದ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಅಡಿಕೆಗಳನ್ನು ಅಂಗೈಯಲ್ಲಿ ಹೊರಳಿಸಿದಳು.

"ಎಲ್ಲಾ ಸರಿ ಐತಿ," ಎಂದಳು. "ಬಿಟ್ಟೆ. ನೀನೂ ಬಿಟ್ಟಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅವರು ಸೈತ ಎಲಿ ಅಡಕಿ ಕೊಟ್ಟಾರ?"

"ಕೊಟ್ಟಾರ."

"ಹಂಗಾರ ಆತು. ಚಾ ಕುಡದ ಹೋಗ್ರಿ."

ನಾನು ವ್ಯಾಖ್ಯಾನದ ವರದಿ ಬರೆದು, ವಹಿಗೆ ಏರಿಸುವ ಮೊದಲು ಒಪ್ಪಿಗೆಗಾಗಿ ಮಾರ್ತಾಂಡರಾಯರ ಕೋಣೆಗೆ ಒಯ್ದೆ. ಅವರು ನೀಲಿ ಪೆನ್ಸಿಲ್ ಹಿಡಿದು ಓದಿದರು. ಎರಡು ಕಡೆ ನನ್ನ ಮರಾಠಿ ತಿದ್ದಿದರು. ಪಾರವ್ವನ ಹೆಸರು ಬಂದ ಕಡೆ ನಿಂತರು. ಆ ನಾಲ್ಕು ಸಾಲಿನ ಮೇಲೆ ಅಡ್ಡ ಗೆರೆ ಎಳೆದು, ಮೇಲೆ ಒಂದು ಸಾಲು ಬರೆದರು: ಕಾಲೇಜಿನ ಬಾಗಿಲು ಎಲ್ಲ ವರ್ಗದ ಹೆಣ್ಣುಮಕ್ಕಳಿಗೂ ತೆರೆದಿರಬೇಕೆಂಬ ಆಶಯವನ್ನು ವಕ್ತಾರರು ವ್ಯಕ್ತಪಡಿಸಿದರು.

"ವರದಿಯಲ್ಲಿ ವ್ಯಕ್ತಿಗಳು ಬೇಡ, ವಿಚಾರ ಇರಲಿ," ಎಂದರು. ನಾನು ಕಾಗದ ತೆಗೆದುಕೊಳ್ಳುವಾಗ, "ಬಿ.ಎ. ಆದ ಮೇಲೆ ಏನು ಮಾಡುತ್ತೀರಿ? ಜೂನ್‌ನಲ್ಲಿ ಇತಿಹಾಸಕ್ಕೆ ಒಂದು ಫೆಲೋ ಜಾಗ ಖಾಲಿಯಾಗುತ್ತದೆ. ನಿಮ್ಮಂಥ ಕಷ್ಟಪಡುವ ಹುಡುಗರು ಬೇಕು," ಎಂದರು.

ಫೆಲೋ ಎಂದರೆ ಎಂ.ಎ. ಓದುತ್ತಲೇ ಕಿರಿಯರಿಗೆ ಪಾಠ ಹೇಳುವ ಜಾಗ. ನಮ್ಮ ತಾಲ್ಲೂಕಿನವರು ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ. ಹಾಸ್ಟೆಲ್ಲಿಗೆ ಬಂದು ವಹಿಯಲ್ಲಿ ಅವರು ಬರೆದ ಸಾಲನ್ನೇ ಸುಂದರ ಅಕ್ಷರದಲ್ಲಿ ಬರೆದೆ, ಕೆಳಗೆ ಸಹಿ ಮಾಡಿದೆ. ಅನುಮಾನ ಬರಲಿಲ್ಲ ಎಂದರೆ ಸುಳ್ಳು. ಬಂತು. ಆರುನೂರು ಜನ ಕೇಳಿದ್ದಾರಲ್ಲ, ವಹಿಯಲ್ಲಿ ಇದ್ದರೇನು ಬಿಟ್ಟರೇನು ಎಂದು ಅದನ್ನು ಆಚೆಗೆ ತಳ್ಳಿದೆ.

ಏಪ್ರಿಲಿನಲ್ಲಿ ಪರೀಕ್ಷೆ. ಒಂದು ಮಧ್ಯಾಹ್ನ ಓದುತ್ತ ಕಣ್ಣು ಎಳೆಯತೊಡಗಿದಾಗ ಕೋಟಿನ ಕಿಸೆಯಲ್ಲಿ ಕೈಗೆ ಅಡಿಕೆ ಸಿಕ್ಕಿತು. ಪಕ್ಕದ ಕೋಣೆಯವನ ಅಡಕೊತ್ತು ತಂದು ಕತ್ತರಿಸಿ ಬಾಯಿಗೆ ಹಾಕಿಕೊಂಡೆ. ಅರ್ಧ ಅಗಿದ ಮೇಲೆ ನೆನಪಾಯಿತು. ಭೀಮವ್ವನ ಅಡಿಕೆಯನ್ನು ಟ್ರಂಕಿನಲ್ಲಿ ಇಟ್ಟವನು ನಾನೇ. ಪ್ರಿನ್ಸಿಪಾಲರ ಮಾತಿಗೆ ಅಷ್ಟು ಕಾವಲು ಬೇಕು ಅನಿಸಿರಲಿಲ್ಲ.

ಕಲ್ಲವ್ವ ಮೆಟ್ರಿಕ್ ಪಾಸಾದಳು, ಅವಳ ಶಾಲೆಗೆ ಎರಡನೆಯವಳಾಗಿ. ನಾದಾರಿಯ ಅರ್ಜಿಯನ್ನು ನಾನೇ ಇಂಗ್ಲೀಷಿನಲ್ಲಿ ಬರೆದುಕೊಟ್ಟೆ. ನನ್ನ ಪರೀಕ್ಷೆಯೂ ಚೆನ್ನಾಗಿ ಆಯಿತು. ಜೂನ್ ಹದಿನೆಂಟರಂದು ಕಚೇರಿಯ ಹೊರಗೆ ನೋಟೀಸು ಹಚ್ಚಿದರು. ಫೆಲೋ ನೇಮಕ, ನಾದಾರಿಯ ಯಾದಿ ಎರಡೂ ಒಂದೇ ಹಾಳೆಯಲ್ಲಿದ್ದವು, ಒಂದೇ ಸಮಿತಿ ಅದೇ ದಿನ ಎರಡನ್ನೂ ತೀರ್ಮಾನಿಸಿತ್ತು. ಪಾರವ್ವ ನನ್ನನ್ನು ಕೈ ಹಿಡಿದು ಅಲ್ಲಿಗೆ ಎಳೆದೊಯ್ದಳು.

"ಓದೋ ತಮ್ಮಾ."

ಮೊದಲ ಹೆಸರು ನನ್ನದು. ಅವಳು ನನ್ನ ಬೆನ್ನಿಗೆ ಗುದ್ದಿದಳು. "ನಮ್ಮ ಸಿದ್ದಲಿಂಗ ಮಾಸ್ತರ ಆದ! ನಿಮ್ಮಪ್ಪಗ ತಾರು ಕಳಸು. ಹೂಂ, ಮುಂದ ಓದು. ಕಲ್ಲವ್ವಂದು ಎಲ್ಲಿ ಐತಿ?"

ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ನಾದಾರಿ. ಅದರ ಮುಂದೆ ಇಂದೂ ಎಂಬ ಹೆಸರಿತ್ತು. ಆಕೆ ಆಡಳಿತ ಮಂಡಳಿಯ ಒಬ್ಬ ಸದಸ್ಯರ ತಂಗಿಯ ಮಗಳು. ಅವಳ ಅಂಕಗಳೂ ಹಾಳೆಯಲ್ಲಿದ್ದವು, ಕಲ್ಲವ್ವನಿಗಿಂತ ಅರವತ್ತೊಂದು ಕಡಿಮೆ.

ನಾನು ಓದಲಿಲ್ಲ. ಪಾರವ್ವ ನನ್ನ ಮುಖ ನೋಡಿ ನೇರ ಕಚೇರಿಯೊಳಗೆ ಹೋದಳು. ಹೆಡ್ ಕ್ಲಾರ್ಕ್ ದಿಗಂಬರಪಂತರು ಧಾರವಾಡದವರು, ಕನ್ನಡ ಆಡುತ್ತಿದ್ದದ್ದು ಕಚೇರಿಯ ಬಾಗಿಲು ಮುಚ್ಚಿದಾಗ ಮಾತ್ರ. ಅವತ್ತು ಬಾಗಿಲು ಮುಚ್ಚಿದರು.

"ಪಾರವ್ವ, ಹುಚ್ಚು ಹಿಡದದೇನು ನಿನಗ? ವ್ಯಾಖ್ಯಾನ ಅಂದ್ರ ವ್ಯಾಖ್ಯಾನ. ಅದರೊಳಗ ಹೇಳಿದ್ದೆಲ್ಲಾ ಮಾಡ್ಲಿಕ್ಕೆ ಕೂತ್ರ ಈ ಕಾಲೇಜು ನಡಸೂದು ಹ್ಯಾಂಗ?"

"ಮಾಡೂದಿಲ್ಲಂದ್ರ ಹೇಳೂದ್ಯಾಕ್ರಿ?"

"ಮಂದಿ ಕೇಳಲಿಕ್ಕೆ ಬಂದಿರ್ತಾರಲ್ಲ, ಅದಕ್ಕ."

"ನಾನೂ ಕೇಳಾಕ ಬಂದಿದ್ದೆರಿ."

ಪಂತರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಸಾಹೇಬ್ರನ್ನ ನೀನ ಕೇಳು. ನನ್ನ ಕೈಯಾಗ ಏನೂ ಇಲ್ಲವಾ."

ಮಾರ್ತಾಂಡರಾಯರು ಸಿಟ್ಟಾಗಲಿಲ್ಲ. ಅವಳ ಮಾತನ್ನು ಪೂರ್ತಿ ಕೇಳಿದರು. "ಪಾರೂಬಾಯಿ, ನಾನು ಹಾಗೆ ವಚನ ಕೊಟ್ಟಿದ್ದರೆ ಕೊಡಲೇಬೇಕು," ಎಂದರು. "ನನಗೆ ನೆನಪಿರುವುದು ಉದಾಹರಣೆಗಾಗಿ ನಿನ್ನ ಹೆಸರು ತೆಗೆದದ್ದು. ಇರಲಿ, ವಹಿ ತರಿಸೋಣ. ಸಮಿತಿಯವರೂ ವಹಿಯನ್ನೇ ಕೇಳುತ್ತಾರೆ."

ಕೆಂಪು ವಹಿ ಬಂತು. ನನ್ನನ್ನು ಕರೆಸಿದರು. ನಾನು ಬರೆದ ಪುಟವನ್ನು ನಾನೇ ಓದಿದೆ. ಆಶಯವನ್ನು ವ್ಯಕ್ತಪಡಿಸಿದರು ಎಂಬಲ್ಲಿಗೆ ನಿಲ್ಲಿಸಿದೆ. ಪಾರವ್ವ ವಹಿಯ ಕಡೆ ಬಾಗಿದಳು.

"ಅಷ್ಟ ಏನು?"

ರಾಯರು ನನ್ನ ಕಡೆ ತಿರುಗಿದರು. "ಕಾರ್ಯದರ್ಶಿ ನೀವೇ. ಇದಕ್ಕಿಂತ ಹೆಚ್ಚಿನದೇನಾದರೂ ನಿಮಗೆ ನೆನಪಿದೆಯೇ?"

ಕಿಟಕಿಯಿಂದ ಹೊರಗೆ ನೋಟೀಸಿನ ಹಲಗೆ ಕಾಣುತ್ತಿತ್ತು. ಆ ಹಾಳೆಗೆ ಹಚ್ಚಿದ ಅಂಟು ಕೂಡ ಇನ್ನೂ ಒಣಗಿರಲಿಲ್ಲ. ಊರಿಗೆ ತಾರು ಕಳಿಸಿರಲಿಲ್ಲ.

"ಸರ್, ವಹಿಯಲ್ಲಿ ಇದ್ದದ್ದೇ ಸರಿ," ಎಂದೆ.

ಮರಾಠಿಯಲ್ಲಿ ಹೇಳಿದೆ. ಅವಳಿಗೆ ಮರಾಠಿ ಪೂರ್ತಿ ತಿಳಿಯುತ್ತದೆ ಎಂದು ಮೊದಲೇ ಬರೆದಿದ್ದೇನೆ.

ಅವಳು ರಾಯರನ್ನು ಬಿಟ್ಟು ನನ್ನ ಮುಂದೆ ಬಂದು ನಿಂತಳು. ಕನ್ನಡದಲ್ಲಿ ಕೇಳಿದಳು: "ತಮ್ಮಾ, ಅಡಕಿ ಎಲ್ಲಿ?"

ನಾನು ವಹಿ ಮುಚ್ಚಿದೆ.

"ನಿನ್ನ ಕಡೆ ಕೊಟ್ಟಿದ್ದೆ. ಅದನ್ನರೆ ಇವರಿಗಿ ತೋರಸು. ಅಡಕಿ ಎಲ್ಲಿ ಐತಿ?"

"ತಿಂದೆ," ಎಂದೆ.

ಅವಳು ರಾಯರಿಗೆ ಕೈಮುಗಿದು ಹೊರಗೆ ಹೋದಳು. "ಅವಳು ಏನು ಕೇಳಿದಳು?" ಎಂದು ರಾಯರು ವಿಚಾರಿಸಿದರು. ಏನೂ ಇಲ್ಲ ಸರ್ ಎಂದೆ.

ದೌಂಡದ ಈರಬಸಪ್ಪನ ಮದುವೆ ಮೇ ತಿಂಗಳಲ್ಲೇ ಬೇರೆ ಹುಡುಗಿಯ ಜೊತೆ ಆಗಿತ್ತು. ಭೀಮವ್ವ ಮಾತು ಬಿಟ್ಟಿದ್ದಳು, ಅವಳದೇನೂ ತಪ್ಪಿಲ್ಲ. ಫೀ ಕೊಟ್ಟು ಓದಿಸುವುದು ಪಾರವ್ವನ ಪಗಾರಕ್ಕೆ ಆಗದ ಮಾತು. ಕಲ್ಲವ್ವ ಪ್ರಾಥಮಿಕ ಶಾಲೆಯ ಶಿಕ್ಷಕಿಯರ ಟ್ರೇನಿಂಗಿಗೆ ಸೇರಿದಳು. ಮುಂದೆ ಹಡಪಸರದ ಶಾಲೆಯಲ್ಲಿ ಅವಳಿಗೆ ಕೆಲಸವಾಯಿತು. ಈಗಲೂ ಅಲ್ಲೇ ಒಂದನೆಯ ಇಯತ್ತೆಗೆ ಅಕ್ಷರ ಕಲಿಸುತ್ತಾಳೆ, ಮದುವೆಯಾಗಲಿಲ್ಲ. ಟ್ರೇನಿಂಗಿಗೆ ಹೊರಡುವ ಮುನ್ನ ನನ್ನ ಎರಡು ಪುಸ್ತಕ ತಿರುಗಿ ಕೊಡಲು ಬಂದಿದ್ದಳು.

"ಅಣ್ಣಾ, ನೀವು ಬರದ ಅರ್ಜಿ ಇಂಗ್ಲೀಷ್ ಭಾಳ ಚಲೋ ಇತ್ರಿ," ಎಂದಳು. ಅವಳ ಮುಖದಲ್ಲಿ ಕುಹಕವೇನೂ ಇರಲಿಲ್ಲ.

ಒಂದು ದಿನ ನಾನು ಮಂಡಯಿ ಮಾರುಕಟ್ಟೆಗೆ ಹೋಗಿ, ಎಲ್ಲ ಅಂಗಡಿ ತಿರುಗಿ, ಚಲೋ ಅಡಿಕೆಯೊಂದನ್ನು ಆರಿಸಿ ತಂದು ಪಾರವ್ವನ ಸ್ಟೂಲಿನ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ಇದ ಅಂಗಡೀದು," ಎಂದಳು. "ನಾ ಕೊಟ್ಟದ್ದು ಮಾತಿಂದು."

ಆಗಸ್ಟಿನಲ್ಲಿ ಆ ವರ್ಷದ ಮೊದಲ ವ್ಯಾಖ್ಯಾನ ಬಂತು. ಮುಂಬಯಿಯಿಂದ ಬಂದ ವಿದ್ವಾಂಸರು ಸತ್ಯನಿಷ್ಠೆಯ ಬಗ್ಗೆ ಇಂಗ್ಲೀಷಿನಲ್ಲಿ ಮಾತಾಡಿದರು. ಫೆಲೋ ಆದದ್ದರಿಂದ ನನ್ನ ಕುರ್ಚಿ ಈಗ ವೇದಿಕೆಯ ಮೇಲೆ, ಕೊನೆಯದು. ಮೈಮೇಲೆ ಹೊಸ ಕೋಟು. ಅಲ್ಲಿ ಕೂತಾಗಲೇ ಕಂಡಿತು: ಸಂಸ್ಥಾಪಕರ ಚಿತ್ರದ ಮುಂದೆ ಹಿತ್ತಾಳೆ ತಟ್ಟೆ ಇರಲಿಲ್ಲ.

ವ್ಯಾಖ್ಯಾನ ಮುಗಿದು, ಹಾರ ಹಾಕಿ, ಅತ್ತರು ಹಚ್ಚಿದರು. ಪಾರವ್ವ ಬೆಳ್ಳಿಯ ತಬಕು ಹಿಡಿದು ಮೊದಲು ವೇದಿಕೆಗೆ ಬಂದಳು. ಎಂದೂ ಹಾಗೆ ಬರುತ್ತಿರಲಿಲ್ಲ. ಕೆಳಗಿನವರಿಗೆ ಕೊಟ್ಟೇ ಮೇಲೆ ಬರುವ ರೂಢಿ. ಅತಿಥಿಗೆ ಒಂದು ಮಡಿಕೆ ಎಲೆ ಕೊಟ್ಟಳು. ಮಾರ್ತಾಂಡರಾಯರ ಮುಂದೆ ಬಂದಾಗ ತಬಕನ್ನು ಎಡಗೈಗೆ ತೆಗೆದುಕೊಂಡು, ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ಹಲ್ಲಿನಿಂದ ಬಿಚ್ಚಿ, ಮೇಜಿನ ಮೇಲೆ ಸುರಿದಳು. ಐದು ಎಲೆ, ಒಣಗಿ ಬೆಲ್ಲದ ಬಣ್ಣಕ್ಕೆ ಬಂದಿದ್ದವು. ಒಂದು ಅಡಿಕೆ.

ಆರುನೂರು ಜನ ನೋಡುತ್ತಿದ್ದರು.

ರಾಯರು ಒಂದು ಎಲೆಯನ್ನು ಎರಡು ಬೆರಳಿನಲ್ಲಿ ಎತ್ತಿದರು. ಅದು ಮುರಿಯಿತು. "ಪಾರೂಬಾಯಿ, ಇವು ಒಣಗಿಹೋಗಿವೆಯಲ್ಲ!" ಎಂದರು ನಗುತ್ತ. ಅತಿಥಿಗಳ ಕಡೆ ನೋಡಿ, "ವಯಸ್ಸಾಯಿತು, ತಬಕು ಮರೆತು ಗಂಟು ಬಿಚ್ಚಿದ್ದಾಳೆ," ಎಂದರು. ಮೊದಲ ಸಾಲಿನವರು ನಕ್ಕರು, ಅವರ ಹಿಂದಿನವರು ಕೂಡ.

ಪಾರವ್ವ ಆ ನಗುವಿಗೆ ತಿರುಗಿ ನೋಡಲಿಲ್ಲ. ಕುರ್ಚಿಗಳ ಸಾಲಿನ ಉದ್ದಕ್ಕೆ ಒಬ್ಬೊಬ್ಬರಿಗೂ ಎಲೆ ಕೊಡುತ್ತ ನನ್ನ ಬಳಿ ಬಂದಳು. ತಬಕನ್ನು ನನ್ನ ಮುಂದೆ ಒಡ್ಡಲಿಲ್ಲ. ಬಲಗೈ ಚಾಚಿದಳು, ಬರಿಗೈ.

"ಇನ್ನೊಂದು?"

ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದ ಕುರ್ಚಿಯವರಿಗೂ ಕೇಳಿಸಲಿಲ್ಲ. ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಹೊಸ ಕೋಟು, ಕಿಸೆಗೆ ದರ್ಜಿ ಹಾಕಿದ ದಾರವೂ ಇನ್ನೂ ಬಿಚ್ಚಿರಲಿಲ್ಲ.

ಅವಳು ಕೈಯನ್ನು ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ ಹಿಂದೆ ತೆಗೆದುಕೊಂಡಳು.

"ಹಂಗಾರ ಈ ಮಾತು ಬಿಡುಗಡಿ ಆಗಲಿಲ್ರಿ, ಸಾಹೇಬ್ರ," ಎಂದಳು.

ನನ್ನನ್ನು ಅವಳು ತಮ್ಮಾ ಎನ್ನದೆ ಸಾಹೇಬ್ರ ಎಂದದ್ದು ಅದೇ ಮೊದಲು. ಆಮೇಲೆ ಎಂಟು ವರ್ಷ ಅದೇ ಕಾಲೇಜಿನಲ್ಲಿ ದಿನವೂ ಎದುರಾದೆವು. ಅವಳು ಸ್ಟೂಲಿನಿಂದ ಎದ್ದು ನಿಂತು ನಮಸ್ಕಾರ ಸಾಹೇಬ್ರ ಎನ್ನುತ್ತಿದ್ದಳು, ನಾನು ಹಾದು ಹೋಗುವ ತನಕ ಕೂಡುತ್ತಿರಲಿಲ್ಲ.

ಆ ಸಂಜೆ ಮಾತ್ರ ಅವಳು ಅಲ್ಲಿ ನಿಲ್ಲಲಿಲ್ಲ. ತಬಕನ್ನು ಎರಡೂ ಕೈಯಲ್ಲಿ ಸರಿ ಹಿಡಿದುಕೊಂಡು ವೇದಿಕೆಯ ಮೆಟ್ಟಿಲಿಳಿದು, ಮೊದಲ ಸಾಲಿನಿಂದ ಎಲೆ ಅಡಿಕೆ ಹಂಚತೊಡಗಿದಳು. ಅವಳ ಹಿಂದೆ, ಎಡಗಡೆಯ ಬಾಕುಗಳ ತುದಿಯಲ್ಲಿ, ಸ್ಟೂಲಿನ ಹಿಂದೆ ಕಲ್ಲವ್ವ ಬರೆಯುತ್ತ ಕೂಡುತ್ತಿದ್ದ ನೆಲ ಖಾಲಿ ಇತ್ತು.